ಕಾಫಿ ಮೂಟೆಯ ಹಿಂದೆ ಹೋದ ಹೋಮ್ ಥಿಯೇಟರ್

ಹೋದ ಶನಿವಾರ ಸಂಜೆ ನಮ್ಮ ಮನೆಯ ಹೋಮ್ ಥಿಯೇಟರ್ ಕಾಣೆಯಾಯಿತು.

ಕಳ್ಳತನವಲ್ಲ. ಪ್ರೊಜೆಕ್ಟರ್ ಕಪಾಟಿನಲ್ಲೇ ಇತ್ತು. ರಿಮೋಟ್ ಕೂಡ ಇತ್ತು (ಇದು ನಮ್ಮ ಮನೆಯಲ್ಲಿ ಅಪರೂಪ). ಕಾಣೆಯಾದದ್ದು ಗೋಡೆ! ಎರಡು ಕೋಟ್ ಬಿಳಿ ಬಣ್ಣ ಹೊಡೆದು, ಸ್ಕ್ರೀನ್ ಎಂದು ನಾಮಕರಣ ಮಾಡಿದ್ದ ಸ್ಟೋರ್ ರೂಮಿನ ಗೋಡೆಯ ಮುಂದೆ ಕಾಫಿ ಮೂಟೆಗಳು ಸೂರಿನ ತನಕ ಎದ್ದು ನಿಂತಿದ್ದವು. ಹೊತ್ತು ತಂದು ಪೇರಿಸಿದವನು ತೋಟದ ಕೆಲಸದ ಚಂದ್ರ. ಎದುರಿಗೆ ನಿಂತು "ಮೇಲೆ ಇನ್ನೊಂದು ಹಿಡೀತದೆ, ಹಾಕು ಚಂದ್ರ" ಎಂದು ಹುರಿದುಂಬಿಸಿದವರು ನನ್ನ ಗಂಡ ಹರೀಶ್. ಆ ಗೋಡೆಯನ್ನು ಟೇಪ್ ಹಿಡಿದು ಅಳೆದವರೂ ಅವರೇ. ಪ್ರೊಜೆಕ್ಟರ್ ಆರಿಸಲು ಒಂದಿಡೀ ಬೇಸಿಗೆ ತಲೆ ಕೆಡಿಸಿಕೊಂಡವರೂ ಅವರೇ.

ಕೊನೆಯ ಮೂಟೆ ಮೇಲೇರಿತು. ಹರೀಶ್ ಕೈ ಕೊಡವಿಕೊಂಡು ಒಮ್ಮೆ ಹೆಮ್ಮೆಯಿಂದ ನೋಡಿದರು. ಆಮೇಲೆ ಮುಖ ಪೆಚ್ಚಾಯಿತು.

"ಅಯ್ಯೋ, ಇವತ್ತು ಮ್ಯಾಚ್ ಅಲ್ವಾ!"

ನೀವು ನಗುತ್ತಿದ್ದೀರಿ. ನಗಿ. ಆದರೆ ಕಾಫಿ ಬೆಳೆಯುವವರ ಮನೆಯವರಾದರೆ ನೀವು ಇಷ್ಟು ಜೋರಾಗಿ ನಗುವುದಿಲ್ಲ. ಸುಂಟಿಕೊಪ್ಪದ ಸುತ್ತಮುತ್ತ ಮಳೆ ಹೇಗೆ ಹೊಯ್ಯುತ್ತದೆಂದು ಗೊತ್ತಲ್ಲ? ನಮ್ಮ ಮನೆಯಲ್ಲಿ ಬೂಷ್ಟು ಹಿಡಿಯದ ಗೋಡೆ ಇರುವುದು ಒಂದೇ. ಅದರ ಆ ಕಡೆ ಬಚ್ಚಲಿನ ಹಂಡೆ ಒಲೆ ಇದೆ. ವರ್ಷವಿಡೀ ಬೆಚ್ಚಗಿರುತ್ತದೆ. ಅಲ್ಲಿ ಬಣ್ಣ ಕೆಡುವುದಿಲ್ಲ ಎಂದು ಸ್ಕ್ರೀನಿಗೆ ಆ ಗೋಡೆಯನ್ನೇ ಆರಿಸಿದೆವು. ಕಾಫಿ ಕೆಡುವುದಿಲ್ಲ ಎಂದು ಮೂಟೆಗಳನ್ನು ಹಿಂದಿನಿಂದಲೂ ಆ ಗೋಡೆಗೇ ಪೇರಿಸುತ್ತಿದ್ದೆವು. ಪ್ರೊಜೆಕ್ಟರ್ ತಂದದ್ದು ಮಳೆಗಾಲದಲ್ಲಿ. ಆಗ ಕಾಫಿಯೆಲ್ಲ ಮಾರಿ ಸ್ಟೋರ್ ರೂಮ್ ಖಾಲಿ ಇತ್ತು, ನಾಲ್ಕು ಹಗ್ಗ ಕಟ್ಟಿ ಬಟ್ಟೆ ಒಣಗಿಸುತ್ತಿದ್ದೆವು. ಖಾಲಿ ರೂಮ್ ನೋಡಿ ಹೋಮ್ ಥಿಯೇಟರ್ ಮಾಡಿದೆವು. ಕೊಯ್ಲು ಎನ್ನುವುದೊಂದು ಬರುತ್ತದೆ ಎಂಬುದು ಇಬ್ಬರಿಗೂ ಹೊಳೆಯಲಿಲ್ಲ. ಹುಟ್ಟಿದಾಗಿನಿಂದ ಕಾಫಿ ನೋಡುತ್ತಿರುವವರು ನಾವು!

ಸರಿ. ಇಷ್ಟಕ್ಕೂ ತೋಟದ ಮನೆಗೆ ಪ್ರೊಜೆಕ್ಟರ್ ಯಾಕೆ ಬೇಕಾಯಿತು? ಅದಕ್ಕೆ ಕಾರಣ ನಮ್ಮ ಮಾವ.

ಮಾವ ಸರ್ಕಾರಿ ಶಾಲೆಯಲ್ಲಿ ಪಿ.ಟಿ. ಮೇಷ್ಟ್ರಾಗಿ ನಿವೃತ್ತರಾದವರು. ಈಗಲೂ ಊರಲ್ಲಿ ಅವರನ್ನು ಹೆಸರು ಹಿಡಿದು ಕರೆಯುವವರಿಲ್ಲ, ಎಲ್ಲರಿಗೂ ಅವರು ಮೇಷ್ಟ್ರು. ಹಾಕಿ ಅವರ ಉಸಿರು. ಮಕ್ಕಳಿಗೆ ಹಾಕಿ ಕಲಿಸಿದ್ದಾರೆ, ಎಷ್ಟೋ ಟೂರ್ನಮೆಂಟುಗಳಲ್ಲಿ ಸೀಟಿ ಊದಿದ್ದಾರೆ. ಟಿವಿಯಲ್ಲಿ ಮ್ಯಾಚ್ ಇದ್ದ ದಿನ ನಮ್ಮ ಮನೆಯಲ್ಲಿ ಮಿಕ್ಸಿ ಹಾಕುವಂತಿರಲಿಲ್ಲ. ಫೋನ್ ಬಂದರೆ ಅಂಗಳಕ್ಕೆ ಓಡಬೇಕಿತ್ತು. ಎದುರು ತಂಡದವರಿಗೆ ಬೈಗುಳ, ನಮ್ಮ ತಂಡದವರಿಗೆ ಇನ್ನೂ ಹೆಚ್ಚು ಬೈಗುಳ. ಅಂಪೈರಿಗಂತೂ ಕೇಳಲೇಬೇಡಿ.

ಎರಡು ವರ್ಷದ ಕೆಳಗೆ ಅವರು ಹೊಸ ರಾಗ ತೆಗೆದರು. "ಈ ಟಿವಿ ಸರಿ ಇಲ್ಲ ಮಾರಾಯ. ಚೆಂಡೇ ಕಾಣಲ್ಲ."

ರಿಪೇರಿಯವನು ಬಂದ. ಟಿವಿಗೆ ಏನೂ ಆಗಿಲ್ಲ ಎಂದ. ಹಾಗಾದರೆ ಡಿಶ್ ಸರಿ ಇಲ್ಲ ಎಂದರು ಮಾವ. ಡಿಶ್ ತಿರುಗಿಸಿದ್ದಾಯಿತು. ಆಮೇಲೆ ಕ್ಯಾಮೆರಾದವನ ಮೇಲೆ ಬಂತು. ಕೊನೆಗೆ, "ಈಗಿನ ಹುಡುಗರಿಗೆ ಹೊಡೆಯೋಕೇ ಬರಲ್ಲ, ಬರೀ ಬೀಸ್ತಾರೆ" ಎಂದು ಇಡೀ ಆಟದ ಮೇಲೇ ತಪ್ಪು ಹೊರಿಸಿಬಿಟ್ಟರು.

ಎಡವಟ್ಟಾಗಿದ್ದದ್ದು ಕಣ್ಣಿನಲ್ಲಿ. ಮೈಸೂರಿನ ಡಾಕ್ಟರು ಪರೀಕ್ಷೆ ಮಾಡಿ ಹೇಳಿದ್ದರು: ಕಣ್ಣಿನ ಹಿಂಭಾಗದ ಪರದೆಯಲ್ಲಿ, ಸರಿಯಾಗಿ ನಡುವಿನಲ್ಲೇ ತೊಂದರೆ. ಎಡಗಣ್ಣಿಗೆ ಹೆಚ್ಚು, ಬಲಗಣ್ಣಿಗೆ ಈಗ ಶುರು. ಅಂಚಿನದು ಕಾಣುತ್ತದೆ, ನೇರ ನೋಡಿದ್ದು ಮಸುಕಾಗುತ್ತದೆ. ಹೋದದ್ದು ಬರುವುದು ಕಷ್ಟ, ಇರುವುದನ್ನು ಉಳಿಸಿಕೊಳ್ಳೋಣ, ಇಂಜೆಕ್ಷನ್ನಿಗೆ ತಪ್ಪದೆ ಬನ್ನಿ. ಮಾವ ಎರಡು ಸಲ ಹೋಗಿ ಬಂದರು. ಮೂರನೆಯ ಸಲಕ್ಕೆ ಬಸ್ಸಿನಲ್ಲಿ ಸೊಂಟ ನೋಯುತ್ತದೆ ಎಂದರು. ಕಾರು ಮಾಡೋಣ ಎಂದರೆ ಕಾರಿನಲ್ಲಿ ತಲೆ ಸುತ್ತುತ್ತದೆ ಎಂದರು. "ನಂಗೆ ಕಣ್ಣಿಗೆ ಎಂತದ್ದೂ ಆಗಿಲ್ಲ" ಎಂದು ಒಂದೇ ಹಟ.

ಅವರ ಹಳೆಯ ಹಾಕಿ ಗೆಳೆಯ ಪೂವಯ್ಯನವರು ಪೊನ್ನಂಪೇಟೆಯಿಂದ ಫೋನ್ ಮಾಡಿ, ಮ್ಯಾಚ್ ಇದೆ, ಬಾ ಎಂದು ಕರೆಯುತ್ತಿದ್ದರು. "ಮಂಡಿ ನೋವು ಪೂವಯ್ಯ, ಕೂತ್ರೆ ಏಳೋಕಾಗಲ್ಲ" ಎಂದು ಮಾವ ಫೋನ್ ಇಡುತ್ತಿದ್ದರು. ಅದೇ ಮಂಡಿಯಲ್ಲಿ ದಿನಾ ಬೆಳಗ್ಗೆ ಇಡೀ ತೋಟ ಸುತ್ತಿ ಬರುತ್ತಿದ್ದರು. ನಾನು ನೋಡಿಯೂ ನೋಡದವಳಂತೆ ಇರುತ್ತಿದ್ದೆ.

ಕ್ರಮೇಣ ಟಿವಿ ಮುಂದೆ ಕೂರುವುದೂ ನಿಂತಿತು. ಮ್ಯಾಚ್ ನಡೆಯುವಾಗ ಮಾವ ಜಗುಲಿಯಲ್ಲಿ ಕುಳಿತು ಸುಮ್ಮನೆ ರಸ್ತೆ ನೋಡುತ್ತಿದ್ದರು. ಬೈಗುಳವಿಲ್ಲ, ಗದ್ದಲವಿಲ್ಲ. ಮಿಕ್ಸಿ ಹಾಕಿದರೂ ಕೇಳುವವರಿಲ್ಲ. ಬೈಯುವ ಮನುಷ್ಯ ಬೈಯುವುದನ್ನು ನಿಲ್ಲಿಸಿದರೆ ಮನೆಗೆ ಎಂಥ ಭಯವಾಗುತ್ತದೆ ಗೊತ್ತೇ? ನನಗಂತೂ ಅಡುಗೆಮನೆಯಲ್ಲಿ ನಿಂತು ಅಳು ಬರುತ್ತಿತ್ತು.

ಡಾಕ್ಟರು ಇನ್ನೊಂದು ಮಾತು ಹೇಳಿದ್ದರು. ಏನೇ ಆದರೂ ದೊಡ್ಡದಾಗಿ ಕಾಣುವ ಹಾಗೆ ಮಾಡಿಕೊಡಿ, ಅವರಿಗೆ ಅನುಕೂಲ. ಹರೀಶ್ ಆ ಮಾತನ್ನು ಹಿಡಿದುಕೊಂಡರು. ದೊಡ್ಡ ಟಿವಿಯ ಬೆಲೆ ಕೇಳಿ ಆ ಆಸೆ ಬಿಟ್ಟೆವು. ಆಮೇಲೆ ಹೊಳೆದದ್ದು ಪ್ರೊಜೆಕ್ಟರ್.

ಇನ್ನು ಶುರುವಾಯಿತು ನೋಡಿ ಸಂಶೋಧನೆ. ಆನ್‌ಲೈನಿನಲ್ಲಿ ಪ್ರೊಜೆಕ್ಟರ್ ಹುಡುಕಿದವರಿಗೆ ನನ್ನ ಪಾಡು ಅರ್ಥವಾಗುತ್ತದೆ. ಎಲ್ಲವೂ ಫೋರ್ ಕೆ, ಎಂದರೆ ಅತಿ ಸ್ಪಷ್ಟ ಚಿತ್ರದ್ದು! ಊಟದ ಡಬ್ಬಿಯಷ್ಟು ಸಣ್ಣದೂ ಫೋರ್ ಕೆ, ಪೆಟ್ಟಿಗೆಯಷ್ಟು ದೊಡ್ಡದೂ ಫೋರ್ ಕೆ. ಒಂದಕ್ಕೆ ಮಿಕ್ಸಿಯ ಬೆಲೆ, ಇನ್ನೊಂದಕ್ಕೆ ಸ್ಕೂಟರಿನ ಬೆಲೆ. ಇದು ಹೇಗೆ ಸಾಧ್ಯ? ಸಣ್ಣ ಅಕ್ಷರದಲ್ಲಿ ಉತ್ತರ ಇತ್ತು. ಅಗ್ಗದ್ದರಲ್ಲೆಲ್ಲ 'ಫೋರ್ ಕೆ ಸಪೋರ್ಟ್' ಎಂದು ಬರೆದಿತ್ತು.

ಈ ಸಪೋರ್ಟ್ ಎಂದರೆ ಏನು? ದೊಡ್ಡ ಹಂಡೆಯ ಪಾಯಸವನ್ನು ನಿಮ್ಮ ಲೋಟಕ್ಕೆ ಬಗ್ಗಿಸಲು ನಮ್ಮ ಅಭ್ಯಂತರವಿಲ್ಲ ಎಂದಂತೆ. ಲೋಟದಲ್ಲಿ ಎಷ್ಟು ಹಿಡಿಯುತ್ತದೋ ಅಷ್ಟೇ ನಿಮ್ಮ ಪಾಲು. ಕೇಳಬೇಕಾದದ್ದು ಲೋಟ ಎಷ್ಟು ದೊಡ್ಡದು ಎಂದು. ಅದಕ್ಕೆ 'ನೇಟಿವ್ ರೆಸಲ್ಯೂಶನ್' ಎನ್ನುತ್ತಾರೆ. ಆ ಮಾತು ಬಂದ ಕೂಡಲೇ ಅರ್ಧ ಮಾರಾಟಗಾರರು ವಿಷಯ ಬದಲಾಯಿಸುತ್ತಾರೆ. ಬೆಳಕಿನ ಲೆಕ್ಕವೂ ಹಾಗೇ. ಡಬ್ಬದ ಮೇಲಿನ ಲ್ಯೂಮೆನ್ಸ್ ನಂಬಿದರೆ ನಮ್ಮ ಮನೆಯಿಂದ ಕುಶಾಲನಗರದ ತನಕ ಬೆಳಕು ಹರಿಯಬೇಕಿತ್ತು.

ರಿವ್ಯೂ ಮಾಡುವವರಿಗೆ ಅವರದೇ ಚಿಂತೆ. ಫ್ಯಾನ್ ಸದ್ದು ಮಾಡುತ್ತದೆ, ಸಿನಿಮಾದ ಸೂಕ್ಷ್ಮ ಸಂಭಾಷಣೆ ಕೇಳಿಸುವುದಿಲ್ಲ ಎಂದು ಒಬ್ಬ ಅಲವತ್ತುಕೊಂಡಿದ್ದ. ನಮ್ಮ ಶೀಟ್ ಮಾಡಿನ ಮೇಲೆ ಮಳೆ ಹೊಡೆಯುವಾಗ ಬಂದು ಕೇಳಬೇಕಿತ್ತು ಅವನು! ನಮ್ಮ ಪ್ರಶ್ನೆಗಳೇ ಬೇರೆ. ಕರೆಂಟು ಹೋಗಿ ಬಂದು ಆಡುವಾಗ ಬದುಕುಳಿಯುತ್ತದಾ? ಲೆನ್ಸಿಗೆ ಬೂಷ್ಟು ಹಿಡಿಯುತ್ತದಾ? (ಇದಕ್ಕೆ ನಮ್ಮಲ್ಲಿ ಹಳೆಯ ಮದ್ದಿದೆ. ಕಪಾಟಿನೊಳಗೆ ಒಂದು ಬಲ್ಬ್ ಉರಿಸಿಡುವುದು. ಮದುವೆ ಸೀರೆಗಳ ಜೊತೆ ಈಗ ಪ್ರೊಜೆಕ್ಟರೂ ಬೆಚ್ಚಗಿದೆ.)

ಕೊನೆಗೆ ಕಣ್ಣಾರೆ ನೋಡಿಯೇ ತರೋಣ ಎಂದು ಮೈಸೂರಿಗೆ ಹೋದೆವು. ಅಂಗಡಿಯಲ್ಲಿ ಕತ್ತಲೆ ಕೋಣೆ. ಸೇಲ್ಸ್‌ನವರು ಡೆಮೊ ಹಾಕಿದರು. ಬಣ್ಣ ಬಣ್ಣದ ಗಿಳಿ. ಆಮೇಲೆ ಜಲಪಾತ. ಆಮೇಲೆ ಕೆಂಪು ಮೆಣಸಿನಕಾಯಿ. ಜಗತ್ತಿನ ಯಾವ ಅಂಗಡಿಯಲ್ಲೂ ಇವು ಮೂರನ್ನು ಬಿಟ್ಟು ಬೇರೆ ತೋರಿಸುವುದಿಲ್ಲವೇನೋ.

"ಸೂಪರ್ ಕ್ಲಾರಿಟಿ ಅಲ್ವಾ ಮೇಡಂ?"

"ಗಿಳಿ ಚೆನ್ನಾಗಿದೆ. ಹಾಕಿ ಮ್ಯಾಚ್ ತೋರಿಸ್ತೀರಾ?"

ಅವರು ನನ್ನ ಮುಖ ನೋಡಿದರು. "ಎಲ್ಲರೂ ಸಿನಿಮಾ ಕೇಳ್ತಾರೆ. ಕ್ರಿಕೆಟ್ ಕೇಳ್ತಾರೆ. ಹಾಕಿ ಯಾರೂ ಕೇಳಿಲ್ಲ."

"ನಾವು ಕೊಡಗಿನವರು" ಎಂದೆ. ಅಷ್ಟಕ್ಕೇ ಅವರಿಗೆ ಅರ್ಥವಾಯಿತು. ಫೋನಿನಲ್ಲಿ ಹುಡುಕಿ ಒಂದು ಮ್ಯಾಚ್ ಹಾಕಿದರು.

ಹಾಕಿ ಚೆಂಡಿಗಿಂತ ಪ್ರಾಮಾಣಿಕ ಪರೀಕ್ಷಕ ಇನ್ನೊಬ್ಬನಿಲ್ಲ. ಮೊದಲ ಪ್ರೊಜೆಕ್ಟರಿನಲ್ಲಿ ಚೆಂಡು ನಿಂತಾಗ ಕಂಡಿತು, ಹೊಡೆದ ಕೂಡಲೇ ಮಾಯ. ಇಪ್ಪತ್ತೆರಡು ಜನ ಯಾಕೆ ಓಡುತ್ತಿದ್ದಾರೆಂದೇ ತಿಳಿಯಲಿಲ್ಲ. ಎರಡನೆಯದರಲ್ಲಿ ಚೆಂಡಿಗೆ ಬಾಲ ಬಂದಿತ್ತು. ಮೂರನೆಯದು ಹೆಸರಿಗೆ ಬರೀ ಫುಲ್ ಎಚ್‌ಡಿ. ಆದರೆ ಅಸಲಿ ಫುಲ್ ಎಚ್‌ಡಿ, ನೇಟಿವ್. ನೀಲಿ ಟರ್ಫಿನ ಮೇಲೆ ಹಳದಿ ಚೆಂಡು ಕಡೆಯ ತನಕ ಚೆಂಡಾಗಿಯೇ ಹೋಯಿತು. ಹರೀಶ್ ನನ್ನ ಕಡೆ ನೋಡಿದರು. ನಾನು ತಲೆಯಾಡಿಸಿದೆ. ನಮ್ಮ ಬಜೆಟ್ಟಿಗೂ ಅದು ಹೊಂದಿಕೊಂಡಿತು. ದಾರಿಯುದ್ದಕ್ಕೂ ಡಬ್ಬವನ್ನು ಮಗುವಿನ ಹಾಗೆ ತೊಡೆಯ ಮೇಲೆ ಇಟ್ಟುಕೊಂಡು ಬಂದೆ.

ಆದರೆ ಯಾರಿಗಾಗಿ ತಂದೆವೋ ಅವರೇ ಆ ರೂಮಿಗೆ ಬರಲಿಲ್ಲ!

"ಅಲ್ಲಿ ಥಂಡಿ." ಬೆಡ್‌ಶೀಟ್ ಕೊಟ್ಟೆ. "ನಂಗೆ ಕೆಮ್ಮು." ಕಷಾಯ ಕೊಟ್ಟೆ. "ವಾರ್ತೆ ಉಂಟು ಈಗ." ವಾರ್ತೆ ಮುಗಿದ ಮೇಲೆ ನಿದ್ದೆ. ಇಡೀ ಮಳೆಗಾಲ ನಾವಿಬ್ಬರೇ ಒದ್ದೆ ಬಟ್ಟೆಗಳ ಕೆಳಗೆ ಕುಳಿತು ಸಿನಿಮಾ ನೋಡಿದೆವು. ನನಗೆ ಒಳಗೊಳಗೇ ಸಿಟ್ಟು. ಇಷ್ಟು ಒದ್ದಾಡಿ ತಂದಿದ್ದೇವೆ, ಒಂದು ಸಲ ಬಂದು ನೋಡಲು ಇವರಿಗೇನು ಕಷ್ಟ?

ಒಂದು ದಿನ ಹರೀಶ್ ಮೆಲ್ಲಗೆ ಹೇಳಿದರು. "ಅಪ್ಪಂಗೆ ಹೆದ್ರಿಕೆ ಶೈಲಾ. ಇಷ್ಟು ದಿನ ಟಿವಿ ಸರಿ ಇಲ್ಲ ಅಂತಿದ್ರು. ಇಲ್ಲಿ ಇಷ್ಟು ದೊಡ್ಡದಾಗಿ ತೋರಿಸಿದ ಮೇಲೂ ಕಾಣದಿದ್ರೆ, ಆಮೇಲೆ ಯಾರ ಮೇಲೆ ತಪ್ಪು ಹಾಕೋದು?"

ನನ್ನ ಸಿಟ್ಟು ಅಲ್ಲೇ ಇಳಿಯಿತು. ಯೋಚಿಸಿ ನೋಡಿ, ನಾವೆಲ್ಲ ಮಾಡುವುದು ಇದನ್ನೇ ಅಲ್ಲವೇ? ಪೇಪರಿನವರು ಇತ್ತೀಚೆಗೆ ಇಂಕು ಕಡಿಮೆ ಹಾಕುತ್ತಾರೆ ಎನ್ನುತ್ತಾರೆ ನನ್ನ ಅಮ್ಮ. ಫೋನಿನಲ್ಲಿ ಎಲ್ಲರೂ ಗೊಣಗುತ್ತಾರೆ ಎನ್ನುತ್ತಾರೆ ಕಿವಿ ಮಂದವಾದ ಚಿಕ್ಕಪ್ಪ. ನನ್ನ ಟೈಲರ್ ಎರಡು ವರ್ಷದಿಂದ ಬ್ಲೌಸನ್ನು ಬಿಗಿಯಾಗಿಯೇ ಹೊಲಿಯುತ್ತಿದ್ದಾಳೆ (ಇದು ಮಾತ್ರ ನಿಜ, ನಂಬಿ). ಆಮೇಲೆ ನಾನು ಮಾವನನ್ನು ಕರೆಯುವುದನ್ನೇ ಬಿಟ್ಟೆ.

ಇನ್ನು ಮೊನ್ನೆಯ ಶನಿವಾರಕ್ಕೆ ಬರೋಣ. ಸಂಜೆ ಹಾಕಿ ಲೀಗ್ ಮ್ಯಾಚ್ ಇತ್ತು. ಕಣದಲ್ಲಿ ಸಿಪ್ಪೆ ಸಹಿತ ಒಣಗಿದ ಚೆರಿ ಕಾಫಿಯನ್ನು ಮಂಜು ಬೀಳುವ ಮೊದಲು ಮೂಟೆ ಕಟ್ಟಿ ಒಳಗೆ ಹಾಕುವ ಅವಸರ. ಆ ಅವಸರದಲ್ಲೇ ನಮ್ಮ ಸ್ಕ್ರೀನ್ ಮೂಟೆಗಳ ಹಿಂದೆ ಹೋದದ್ದು. ಹರೀಶ್ ತಲೆಗೆ ಕೈ ಹೊತ್ತು ನಿಂತಿದ್ದರು. ಚಂದ್ರ ನಗು ತಡೆಯಲಾಗದೆ ಗೋಡೆಯ ಕಡೆ ತಿರುಗಿದ್ದ. ನಾನು ತಡೆಯುವ ಪ್ರಯತ್ನವನ್ನೇ ಮಾಡಲಿಲ್ಲ. ನನ್ನ ನಗು ಕೇಳಿ ಮಾವ ಜಗುಲಿಯಿಂದ ಎದ್ದು ಬಂದರು.

ಬಾಗಿಲಲ್ಲಿ ನಿಂತು ಒಂದು ಸಲ ನೋಡಿದರು. ಎದುರಿಗೇ ಕೆಲಸ ಕೆಟ್ಟರೆ ಪಿ.ಟಿ. ಮೇಷ್ಟ್ರು ಸುಮ್ಮನಿರುತ್ತಾರೆಯೇ?

"ಎಂತ ಮಾರಾಯ ಇದು? ಎಲ್ಲಾ ಮೂಟೆ ಈ ಗೋಡೆಗೇ ಯಾಕೆ?"

"ಬೇರೆ ಗೋಡೆ ಒದ್ದೆ ಅಲ್ವಾ ಅಪ್ಪ."

"ಜನವರೀಲಿ ಯಾವ ಗೋಡೆ ಒದ್ದೆ? ಮುಟ್ಟಿ ನೋಡಿದ್ದೀಯಾ? ಮಳೆಗಾಲದ ತನಕ ಇಡೋದಾದ್ರೆ ಆ ಮಾತು ಬೇರೆ. ತೆಗೀರಿ ಎಲ್ಲಾ!"

ತೆಗೆದೆವು. ಮಾವ ನಡುವೆ ನಿಂತು ಕೈ ಮಾಡಿ ತೋರಿಸಿದರು. ಎದುರು ಗೋಡೆಗೆ ಹಲಗೆ ಹಾಸಿ, ಅದರ ಮೇಲೆ ಮೂಟೆಗಳನ್ನು ಮೆಟ್ಟಿಲು ಮೆಟ್ಟಿಲಾಗಿ ಜೋಡಿಸಬೇಕು. ಮುಂದಿನ ಸಾಲಿಗೆ ಒಂದೇ ಮೂಟೆಯ ಎತ್ತರ, ಹಿಂದಿನದಕ್ಕೆ ಎರಡು, ಅದರ ಹಿಂದೆ ಮೂರು. ಕೊನೆಯ ಸಾಲು ಮುಗಿಯುವಾಗ ನಮಗೆ ಗೊತ್ತಾಯಿತು, ಇದು ಹಾಕಿ ಮೈದಾನದ ಗ್ಯಾಲರಿ!

"ಭಲೇ ಮೇಷ್ಟ್ರೇ" ಎಂದ ಚಂದ್ರ. ಮನೆಗೆ ಹೊರಟವನು ಟವೆಲ್ ಹೆಗಲಿಗೆ ಹಾಕಿಕೊಂಡು ಎರಡನೇ ಸಾಲಿನಲ್ಲಿ ಕುಳಿತೇಬಿಟ್ಟ.

ಎಲ್ಲಕ್ಕಿಂತ ಮೇಲಿನ ಮೂಟೆಯ ಮೇಲೆ ಮಣೆ ಇಟ್ಟು ಹರೀಶ್ ಪ್ರೊಜೆಕ್ಟರ್ ಹಚ್ಚಿದರು. ಚಿತ್ರ ಸೊಟ್ಟಗೆ ಬಿತ್ತು. ಅವರು ಏನೇನೋ ಒತ್ತತೊಡಗಿದರು.

"ಎಡಗಡೆ ಇಳಿದಿದೆ. ಎತ್ತು" ಎಂದರು ಮಾವ. "ಇನ್ನೂ ಸ್ವಲ್ಪ. ಪೆರೇಡ್ ಲೈನಿನ ಹಾಗೆ ನಿಲ್ಬೇಕು. ಹಾಂ, ಸಾಕು." ಹೇಳುತ್ತಾ ಹೇಳುತ್ತಾ ಮುಂದಿನ ಸಾಲಿನ ಮೂಟೆಯ ಮೇಲೆ ಕುಳಿತರು. ಆಯಾಸಕ್ಕೆ ಕುಳಿತದ್ದೋ, ಬೇಕೆಂದೇ ಕುಳಿತದ್ದೋ ನಾನು ಕೇಳಲಿಲ್ಲ. ನಾನು ಕಾಫಿ ತರುವ ನೆಪದಲ್ಲಿ ಎದ್ದು ಹೋದೆ. ಇವತ್ತೂ ಕಾಣದಿದ್ದರೆ ಇವರು ಇನ್ನು ಯಾವತ್ತೂ ಹಾಕಿಯ ಹೆಸರು ಎತ್ತುವುದಿಲ್ಲ.

ಮ್ಯಾಚ್ ಶುರುವಾಯಿತು. ನಮ್ಮ ಗೋಡೆ ತುಂಬ ನೀಲಿ ಮೈದಾನ. ಆಟಗಾರರು ಹೆಚ್ಚುಕಡಿಮೆ ನಮ್ಮಷ್ಟೇ ಎತ್ತರ. ಮಾವ ಕತ್ತನ್ನು ಸ್ವಲ್ಪ ವಾರೆ ಮಾಡಿ, ಕಣ್ಣಂಚಿನಿಂದ ನೋಡುತ್ತಿದ್ದರು. ಕಾಫಿ ಲೋಟ ಹಾಗೇ ಆರಿತು. ನಾವು ಮೂವರೂ ಪರದೆ ಬಿಟ್ಟು ಅವರ ಬೆನ್ನು ನೋಡುತ್ತಿದ್ದೆವು.

ತುಂಬ ಹೊತ್ತಿನ ಮೇಲೆ ಅವರು ಹೇಳಿದರು.

"ಚೆಂಡು ಕಾಣಲ್ಲ."

ಹರೀಶ್ ತಲೆ ತಗ್ಗಿಸಿದರು.

"ಆದ್ರೆ ಚೆಂಡು ಎಲ್ಲುಂಟು ಅಂತ ಕಾಣ್ತದೆ" ಎಂದರು ಮಾವ. "ಆ ಮೂಲೇಲಿ ಇರೋನ ಸೊಂಟ ನೋಡು ಹರೀಶ. ಬಗ್ಗಿದ ನೋಡು. ಈಗ ಬಲಕ್ಕೆ ಕೊಡ್ತಾನೆ."

ಅವನು ಬಲಕ್ಕೇ ಕೊಟ್ಟ.

"ಅವನು ತಿರುಗಿಸಿ ಒಳಗೆ ಹಾಕ್ತಾನೆ. ಹಾಕೋ! ಹಾಕೋ ದಡ್ಡ! ಯಾರಿಗೆ ಕಾಯ್ತೀಯಾ, ನಿಂಗೆ ಸ್ಟಿಕ್ ಕೊಟ್ಟವನಾರು?"

ಚಂದ್ರ ಬಿದ್ದು ಬಿದ್ದು ನಕ್ಕ. ಹರೀಶ್ ನಗುತ್ತಾ ಕಣ್ಣೊರೆಸಿಕೊಂಡರು. ನಾವು ಮೈಸೂರಿನ ಕತ್ತಲೆ ಕೋಣೆಯಲ್ಲಿ ಕುಳಿತು ಹುಡುಕಿದ್ದು ಚೆಂಡು. ಮಾವನಿಗೆ ಬೇಕಾಗಿದ್ದದ್ದು ಚೆಂಡಲ್ಲ. ಮನುಷ್ಯರ ಸೊಂಟ, ಭುಜ, ಪಾದ ದೊಡ್ಡದಾಗಿ ಸ್ಪಷ್ಟವಾಗಿ ಕಂಡರೆ ಸಾಕಿತ್ತು. ಉಳಿದದ್ದನ್ನು ಜೀವಮಾನವಿಡೀ ಆಡಿಸಿದ ತಲೆಯೇ ತುಂಬಿಕೊಂಡಿತು. ಆ ಸಂಜೆ ಅಂಪೈರಿಗೆ ಎಷ್ಟು ಬೈಗುಳ ಬಿತ್ತೆಂದರೆ, ಪಾಪ, ಅವನಿಗೆ ಎಲ್ಲೋ ಬಿಕ್ಕಳಿಕೆ ಬಂದಿರಬೇಕು. ಆರಿದ ಕಾಫಿಯನ್ನೂ ಮಾವ ಒಂದೇ ಗುಟುಕಿಗೆ ಕುಡಿದರು.

ಯಾರು ಗೆದ್ದರು ಎಂದು ಮಾತ್ರ ನನ್ನನ್ನು ಕೇಳಬೇಡಿ. ನನಗೆ ಗೊತ್ತಿಲ್ಲ.

ಮ್ಯಾಚ್ ಮುಗಿದು ದೀಪ ಹಾಕಿದೆವು. ಮಾವ ಮೂಟೆ ಹಿಡಿದುಕೊಂಡು ಎದ್ದರು. ಬಾಗಿಲ ತನಕ ಹೋದವರು ನನ್ನ ಕಡೆ ತಿರುಗಿದರು.

"ನೋಡಮ್ಮಾ ಶೈಲಾ, ಈ ಎಡಗಣ್ಣಲ್ಲಿ ನಡುವೆ ಪೂರಾ ಮಂಜು ಕಟ್ಟಿದ ಹಾಗೆ ಉಂಟು. ಆ ಡಾಕ್ಟ್ರಿಗೆ ಫೋನ್ ಮಾಡು. ಹೋಗಿ ಬರುವ. ಇದ್ದದ್ದಾದ್ರೂ ಉಳೀಲಿ."

ನಾನು ಹೂಂ ಎಂದೆ. ಬೇಡಿಕೊಂಡಿದ್ದೆವು, ಬುದ್ಧಿ ಹೇಳಿದ್ದೆವು, ಕಣ್ಣು ಪೂರ್ತಿ ಹೋಗಿಬಿಟ್ಟರೆ ಏನು ಮಾಡುತ್ತೀರಿ ಎಂದು ಹೆದರಿಸಿಯೂ ಇದ್ದೆವು. ಯಾವುದಕ್ಕೂ ಜಗ್ಗದ ಮನುಷ್ಯ ತಾನಾಗಿಯೇ ಹೇಳಿ ಮಲಗಲು ಹೋದರು.

ನನಗೆ ಕಾಣುವುದಿಲ್ಲ ಎಂದು ಹೇಳಿಕೊಳ್ಳುವ ಧೈರ್ಯ ಬರಬೇಕಾದರೆ, ಮನುಷ್ಯನಿಗೆ ಮೊದಲು ಒಂದಿಷ್ಟಾದರೂ ಕಾಣಬೇಕು, ಅಲ್ಲವೇ?